ಕೆನ್ನಿ ಡಾಲ್ಗ್ಲಿಶ್ ಲಿವರ್‌ಪೂಲ್‌ಗೆ ವಾಪಸ್ ಬಂದಿದ್ದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಲಿವರ್‌ಪೂಲ್‌ನ ಅಭಿಮಾನಿಗಳು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. 2011ರ ಜನವರಿಯಿಂದ 2012ರ ಮೇ ತಿಂಗಳವರೆಗೆ ಕೆನ್ನಿ ಡಾಲ್ಗ್ಲಿಶ್ ಎರಡನೇ ಸಲ ತಂಡ ನಡೆಸಿದರಲ್ಲ, ಅದು ಗೆಲುವಾ, ಸೋಲಾ? ಬೆಂಗಳೂರಿನಲ್ಲಿ ರಾತ್ರಿ ಒಟ್ಟಿಗೆ ಕೂತು ಮ್ಯಾಚ್ ನೋಡುವ ಗೆಳೆಯರು, ಈಗಷ್ಟೇ ಆಟ ನೋಡಲು ಶುರು ಮಾಡಿದ ಹುಡುಗರು, ದೂರದಿಂದ ಬರೆದು ಕೇಳುವವರು, ಎಲ್ಲರ ಪ್ರಶ್ನೆಗಳನ್ನೂ ಅವರವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ನಾನು ಡಾಲ್ಗ್ಲಿಶ್ ಅಭಿಮಾನಿ. ಆದರೂ ತಕ್ಕಡಿಯ ಎರಡೂ ತಟ್ಟೆ ನೋಡಿಯೇ ಬರೆದಿದ್ದೇನೆ.

## ಮೊದಲು ಗೊತ್ತಿರಬೇಕಾದದ್ದು

ನಮಗೆ ಲಿವರ್‌ಪೂಲ್ ಕೋಚ್ ಆಗಿದ್ದ ಕ್ಲಾಪ್ ಮಾತ್ರ ಗೊತ್ತು. ಈ ಡಾಲ್ಗ್ಲಿಶ್ ಯಾರು, ಅಷ್ಟು ದೊಡ್ಡವರಾ?

ಹೌದು, ಅಷ್ಟು ದೊಡ್ಡವರು. ಸ್ಕಾಟ್ಲೆಂಡಿನವರು. 1977ರಲ್ಲಿ ಸೆಲ್ಟಿಕ್‌ನಿಂದ 4,40,000 ಪೌಂಡ್‌ಗೆ ಲಿವರ್‌ಪೂಲ್‌ಗೆ ಬಂದರು. ಬ್ರಿಟನ್ನಿನ ಕ್ಲಬ್‌ಗಳ ನಡುವೆ ಆಗ ಅದೇ ದಾಖಲೆ ಮೊತ್ತ. ಮೊದಲ ಸೀಸನ್‌ನಲ್ಲೇ, 1978ರ ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ಫೈನಲ್‌ನಲ್ಲಿ, ಗೆಲುವಿನ ಗೋಲು ಹೊಡೆದರು. ಲಿವರ್‌ಪೂಲ್ ಪರ 515 ಪಂದ್ಯ, 172 ಗೋಲು. ಆಟಗಾರನಾಗಿ 3 ಯುರೋಪಿಯನ್ ಕಪ್.

1985ರಲ್ಲಿ, 34ನೇ ವಯಸ್ಸಿಗೆ, ಆಡುತ್ತಲೇ ತಂಡವನ್ನೂ ನಡೆಸುವ ಹೊಣೆ ಹೊತ್ತರು. ಅದು ಲಿವರ್‌ಪೂಲ್ ಆಡಿದ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಪ್ರೇಕ್ಷಕರು ಸತ್ತ ಹೇಸಲ್ ದುರಂತ ನಡೆದ ಬೆನ್ನಿಗೇ. ಮೊದಲ ವರ್ಷವೇ ಲೀಗ್ ಮತ್ತು ಎಫ್‌ಎ ಕಪ್ (ಸೋತವರು ಹೊರಬೀಳುವ ಇಂಗ್ಲೆಂಡಿನ ಹಳೆಯ ಕಪ್) ಎರಡೂ ಬಂದವು. ಲೀಗ್ ಖಚಿತವಾದದ್ದು ಚೆಲ್ಸಿ ಮೈದಾನದಲ್ಲಿ. ಆ 1-0 ಗೆಲುವಿನ ಒಂದೇ ಗೋಲು ಅವರದ್ದೇ. ಆಮೇಲೆ 1988 ಮತ್ತು 1990ರಲ್ಲಿ ಲೀಗ್, 1989ರಲ್ಲಿ ಮತ್ತೆ ಎಫ್‌ಎ ಕಪ್. 1990ರ ಆ ಲೀಗ್ ಆದ ಮೇಲೆ ಇನ್ನೊಂದು ಬರಲು ಲಿವರ್‌ಪೂಲ್ 30 ವರ್ಷ ಕಾಯಬೇಕಾಯಿತು. 'ಕಿಂಗ್ ಕೆನ್ನಿ' ಎಂದು ಸುಮ್ನೆ ಕರೆಯುವುದಿಲ್ಲ.

ಕೋಚ್ ಅನ್ನಬೇಕಾ, ಮ್ಯಾನೇಜರ್ ಅನ್ನಬೇಕಾ?

ಇಂಗ್ಲೆಂಡಿನಲ್ಲಿ ಮ್ಯಾನೇಜರ್ ಅಂತಾರೆ. ಅಲ್ಲಿ ಆ ಕೆಲಸದಲ್ಲಿ ಆಟ ಕಲಿಸುವುದರ ಜೊತೆ ಯಾರನ್ನು ಕೊಳ್ಳಬೇಕು, ಯಾರನ್ನು ಬಿಡಬೇಕು ಎಂಬುದೂ ಸೇರಿತ್ತು. ನಮ್ಮ ಕಡೆ ಎಲ್ಲರೂ ಕೋಚ್ ಅಂತಲೇ ಹೇಳುತ್ತಾರೆ. ಇಲ್ಲಿ ಎರಡೂ ಒಂದೇ ಅರ್ಥದಲ್ಲಿ ಬರುತ್ತವೆ.

ಲೀಗ್‌ನಲ್ಲಿ ಮೇಲೆ ಇದ್ದಾಗಲೇ 1991ರಲ್ಲಿ ಬಿಟ್ಟು ಹೋದರಂತೆ. ಯಾಕೆ?

ಇದನ್ನು ಅರ್ಥ ಮಾಡಿಕೊಳ್ಳದೆ ವಾಪಸ್ ಬಂದದ್ದನ್ನು ಅಳೆಯಲು ಆಗುವುದಿಲ್ಲ.

1989ರ ಏಪ್ರಿಲ್ 15. ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನ. ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವೆ ಎಫ್‌ಎ ಕಪ್ ಸೆಮಿಫೈನಲ್. ಲಿವರ್‌ಪೂಲ್ ಅಭಿಮಾನಿಗಳು ನಿಂತಿದ್ದ ಜಾಗದಲ್ಲಿ ನೂಕುನುಗ್ಗಲಾಗಿ ಜನ ಕಂಬಿಗೆ ಒತ್ತಿಹೋಗಿ ಉಸಿರುಕಟ್ಟಿದರು. ಆ ದಿನದ ಗಾಯದಿಂದ 2021ರಲ್ಲಿ ತೀರಿಕೊಂಡವರನ್ನೂ ಸೇರಿಸಿ ಸತ್ತವರು 97 ಜನ. ಪೊಲೀಸರು ತಪ್ಪನ್ನು ಅಭಿಮಾನಿಗಳ ಮೇಲೇ ಹೊರಿಸಿದರು. ಆ ಸುಳ್ಳು ಪೂರ್ತಿ ಬಯಲಾಗಲು 2012ರ ವರದಿ ಬರಬೇಕಾಯಿತು. 2016ರಲ್ಲಿ ಜ್ಯೂರಿ, ಇವು ಕಾನೂನುಬಾಹಿರವಾಗಿ ಆದ ಸಾವುಗಳು ಎಂದು ತೀರ್ಪು ಕೊಟ್ಟಿತು.

ಆ ವಾರಗಳಲ್ಲಿ ಡಾಲ್ಗ್ಲಿಶ್ ಒಂದು ಊರಿನ ಹಿರಿಯನ ಕೆಲಸ ಮಾಡಿದರು. ಆಸ್ಪತ್ರೆಗೆ ಹೋದರು. ಮನೆಮಂದಿಯನ್ನು ಕಂಡರು. ಅಂತ್ಯಸಂಸ್ಕಾರಗಳಿಗೆ ಹೋದರು, ಒಂದೇ ದಿನ ನಾಲ್ಕಕ್ಕೆ ಹೋದದ್ದೂ ಉಂಟು. ಅವರ ಹೆಂಡತಿ ಮರೀನಾ ಕೂಡ ಕುಟುಂಬಗಳ ಜೊತೆ ನಿಂತರು. ಅಷ್ಟೆಲ್ಲ ಎದೆಯಲ್ಲಿ ಇಟ್ಟುಕೊಂಡು ಮತ್ತೆ ಎರಡು ವರ್ಷ ತಂಡ ನಡೆಸಿದರು.

1991ರ ಫೆಬ್ರವರಿ 20ರಂದು ಅದೇ ಊರಿನ ಎದುರಾಳಿ ಎವರ್ಟನ್ ಜೊತೆ ಕಪ್ ಪಂದ್ಯ 4-4ರಲ್ಲಿ ಮುಗಿಯಿತು. ಲಿವರ್‌ಪೂಲ್ ನಾಲ್ಕು ಸಲ ಮುಂದೆ ಹೋಯಿತು, ನಾಲ್ಕು ಸಲವೂ ಎವರ್ಟನ್ ಸಮ ಮಾಡಿತು. ಎರಡು ದಿನ ಬಿಟ್ಟು ಡಾಲ್ಗ್ಲಿಶ್ ರಾಜೀನಾಮೆ ಕೊಟ್ಟರು. ಒತ್ತಡ ತಾಳಲು ಆಗುತ್ತಿಲ್ಲ ಎಂದು ಅವರೇ ಹೇಳಿದರು. ವಯಸ್ಸು ಇನ್ನೂ 39. ಓಡಿಹೋದರು ಅಂತ ಕೆಲವರು ಈಗಲೂ ಹೇಳುತ್ತಾರೆ. ನನಗೆ ಆ ಮಾತು ಕೇಳಿದಾಗಲೆಲ್ಲ ಬೇಜಾರಾಗುತ್ತದೆ. ಅಷ್ಟು ದುಃಖ ಹೊತ್ತ ಮನುಷ್ಯ ದಣಿದಿದ್ದರು, ಅಷ್ಟೇ.

ಮಧ್ಯದ 20 ವರ್ಷ ಏನು ಮಾಡಿದರು?

1991ರ ಅಕ್ಟೋಬರ್‌ನಲ್ಲೇ ಬ್ಲ್ಯಾಕ್‌ಬರ್ನ್ ರೋವರ್ಸ್ ಸೇರಿದರು. ಎರಡನೇ ದರ್ಜೆಯಲ್ಲಿದ್ದ ಆ ತಂಡವನ್ನು ಮೇಲೆ ತಂದು 1995ರಲ್ಲಿ ಪ್ರೀಮಿಯರ್ ಲೀಗ್ ಗೆದ್ದರು. ಕೊನೆಯ ಪಂದ್ಯ ಬಿದ್ದದ್ದು ಲಿವರ್‌ಪೂಲ್‌ನ ಮೈದಾನ ಆನ್‌ಫೀಲ್ಡ್‌ನಲ್ಲೇ. ಬ್ಲ್ಯಾಕ್‌ಬರ್ನ್ ಆ ದಿನ 2-1ರಿಂದ ಸೋತಿತು. ಆದರೆ ಮ್ಯಾಂಚೆಸ್ಟರ್ ಯುನೈಟೆಡ್ ಬೇರೆ ಕಡೆ ಡ್ರಾ ಮಾಡಿಕೊಂಡಿದ್ದರಿಂದ ಕಪ್ ಇವರದಾಯಿತು. ಎದುರಾಳಿ ಕೋಚ್ ಲೀಗ್ ಗೆದ್ದರೆ ಆನ್‌ಫೀಲ್ಡ್ ಖುಷಿಪಟ್ಟಿದ್ದು ಅಪರೂಪವೇ.

1997ರಿಂದ 1998ರವರೆಗೆ ನ್ಯೂಕ್ಯಾಸಲ್‌ನಲ್ಲಿ ಇದ್ದರು. ಅದು ಚೆನ್ನಾಗಿ ಮುಗಿಯಲಿಲ್ಲ. 2000ದಲ್ಲಿ ಸ್ವಲ್ಪ ತಿಂಗಳು ಸೆಲ್ಟಿಕ್ ನೋಡಿಕೊಂಡು ಸ್ಕಾಟಿಷ್ ಲೀಗ್ ಕಪ್ ಗೆದ್ದರು. ಆಮೇಲೆ ಹತ್ತು ವರ್ಷಕ್ಕೂ ಜಾಸ್ತಿ ಯಾವ ತಂಡವನ್ನೂ ನಡೆಸಲಿಲ್ಲ. 2009ರಲ್ಲಿ ಲಿವರ್‌ಪೂಲ್‌ಗೆ ಮರಳಿದ್ದು ಹುಡುಗರ ಅಕಾಡೆಮಿಯ ಕೆಲಸಕ್ಕೆ. ಈ ಹತ್ತು ವರ್ಷದ ಅಂತರವನ್ನು ನೆನಪಿಡಿ, ಕೆಳಗೆ ಬೇಕಾಗುತ್ತದೆ.

## ವಾಪಸ್ ಬಂದ 16 ತಿಂಗಳು

ಅವರನ್ನೇ ಕರೆದದ್ದು ಯಾಕೆ? ಬೇರೆ ಯಾರೂ ಸಿಗಲಿಲ್ವಾ?

2010 ಲಿವರ್‌ಪೂಲ್‌ಗೆ ಕೆಟ್ಟ ವರ್ಷ. ಹಿಕ್ಸ್ ಮತ್ತು ಜಿಲೆಟ್ ಎಂಬ ಅಮೆರಿಕದ ಇಬ್ಬರು ಮಾಲೀಕರು ಕ್ಲಬ್ಬನ್ನು ಸಾಲದಲ್ಲಿ ಮುಳುಗಿಸಿದ್ದರು. ಅಕ್ಟೋಬರ್‌ನಲ್ಲಿ ಕೋರ್ಟು ಮೆಟ್ಟಿಲೇರಿದ ಮೇಲೆ ಬಾಸ್ಟನ್ನಿನ ಜಾನ್ ಹೆನ್ರಿ ಬಳಗ 30 ಕೋಟಿ ಪೌಂಡ್‌ಗೆ ಕೊಂಡುಕೊಂಡಿತು. ಮೈದಾನದಲ್ಲೂ ಅದೇ ಪಾಡು. ರಾಯ್ ಹಾಡ್ಜ್‌ಸನ್ ಕೈಯಲ್ಲಿದ್ದ ತಂಡ ನಾಲ್ಕನೇ ದರ್ಜೆಯ ನಾರ್ಥಾಂಪ್ಟನ್‌ಗೆ ಮನೆಯಲ್ಲೇ ಸೋತು ಲೀಗ್ ಕಪ್‌ನಿಂದ ಹೊರಬಿತ್ತು. ಬ್ಲ್ಯಾಕ್‌ಪೂಲ್‌ಗೆ ಸೋತಿತು, ವೂಲ್ವ್ಸ್‌ಗೆ ಸೋತಿತು. ಸ್ಟ್ಯಾಂಡ್‌ನಲ್ಲಿ ಜನ ಡಾಲ್ಗ್ಲಿಶ್ ಹೆಸರು ಕೂಗಲು ಶುರು ಮಾಡಿದರು.

2011ರ ಜನವರಿ 8ರಂದು ಹಾಡ್ಜ್‌ಸನ್ ಹೋದಾಗ ತಂಡ 12ನೇ ಸ್ಥಾನದಲ್ಲಿತ್ತು. ಕೆಳಗಿನ ದರ್ಜೆಗೆ ಬೀಳುವ ಗೆರೆಗೆ ನಾಲ್ಕೇ ಪಾಯಿಂಟ್ ದೂರ. ಹೊಸ ಮಾಲೀಕರಿಗೆ ಫುಟ್‌ಬಾಲ್ ಹೊಸದು. ಸೀಸನ್ ನಡುವೆ ಒಳ್ಳೆಯ ಕೋಚ್ ಸಿಗುವುದೂ ಕಷ್ಟ. ಜಗಳ, ಸಿಟ್ಟು, ಹತಾಶೆ ತುಂಬಿದ್ದ ಮನೆಯನ್ನು ಒಂದೇ ದಿನದಲ್ಲಿ ಒಟ್ಟು ಮಾಡಬಲ್ಲ ಹೆಸರು ಒಂದೇ ಇತ್ತು. ಹಡಗಿನಲ್ಲಿ ಪ್ರವಾಸ ಹೊರಟಿದ್ದ ಡಾಲ್ಗ್ಲಿಶ್, ಕರೆ ಬಂದ ತಕ್ಷಣ ಅದನ್ನು ಬಿಟ್ಟು ಬಂದರು. ಕರೆದದ್ದು ಸೀಸನ್ ಮುಗಿಯುವವರೆಗೆ ಮಾತ್ರ.

ಬಂದ ತಕ್ಷಣ ಏನಾದರೂ ಬದಲಾಯ್ತಾ, ಅಥವಾ ಅಭಿಮಾನಿಗಳ ಭ್ರಮೆನಾ?

ತಕ್ಷಣ ಆಗಲಿಲ್ಲ. ಮೊದಲ ಪಂದ್ಯ ಮರುದಿನವೇ, ಮ್ಯಾಂಚೆಸ್ಟರ್ ಯುನೈಟೆಡ್ ಮೈದಾನ ಓಲ್ಡ್ ಟ್ರ್ಯಾಫರ್ಡ್‌ನಲ್ಲಿ. ಮೊದಲ ನಿಮಿಷಗಳಲ್ಲೇ ಎದುರಾಳಿಗೆ ಪೆನಾಲ್ಟಿ ಹೋಯಿತು, ಆಮೇಲೆ ನಮ್ಮ ನಾಯಕ ಜೆರಾರ್ಡ್‌ಗೆ ಕೆಂಪು ಕಾರ್ಡ್ ಬಿತ್ತು, 1-0 ಸೋಲು. ಮೂರು ದಿನ ಬಿಟ್ಟು ಬ್ಲ್ಯಾಕ್‌ಪೂಲ್‌ನಲ್ಲೂ ಸೋಲು. ಎವರ್ಟನ್ ಜೊತೆ ಡ್ರಾ.

ಆಮೇಲೆ ಗಾಡಿ ಹಳಿಗೆ ಬಂತು. ವೂಲ್ವ್ಸ್ ಮೇಲೆ 3-0. ಫೆಬ್ರವರಿಯಲ್ಲಿ ಚೆಲ್ಸಿ ಮೈದಾನದಲ್ಲಿ 1-0. ನಮ್ಮನ್ನು ಬಿಟ್ಟು ಹೋಗಿದ್ದ ಟೊರೆಸ್ ಆ ದಿನವೇ ಚೆಲ್ಸಿ ಅಂಗಿಯಲ್ಲಿ ಮೊದಲ ಸಲ ಆಡಿದ್ದು. ಮಾರ್ಚ್ 6ರಂದು ಮ್ಯಾಂಚೆಸ್ಟರ್ ಯುನೈಟೆಡ್ ಮೇಲೆ 3-1. ಕಾಯ್ಟ್ ಮೂರು ಗೋಲು ಹೊಡೆದರು. ಆದರೆ ನನ್ನ ಕಣ್ಣಲ್ಲಿ ಇನ್ನೂ ಇರುವುದು ಮೊದಲ ಗೋಲಿಗೆ ಮುಂಚೆ ಹೊಸದಾಗಿ ಬಂದಿದ್ದ ಸುವಾರೆಸ್ ನಾಲ್ಕು ಜನರ ನಡುವೆ ನುಸುಳಿ ಬಂದ ರೀತಿ. ಸಂಜೆ ಏಳಕ್ಕೆ ಶುರುವಾದ ಪಂದ್ಯ. ರೂಮಿನಲ್ಲಿ ಹತ್ತು ಜನ ಇದ್ದೆವು. ಎಷ್ಟೋ ತಿಂಗಳ ಮೇಲೆ ಅಂದು ಎದೆ ಹಗುರಾಗಿತ್ತು.

ಲೆಕ್ಕವೂ ಇದನ್ನೇ ಹೇಳುತ್ತದೆ. ಹಾಡ್ಜ್‌ಸನ್ 20 ಲೀಗ್ ಪಂದ್ಯಗಳಲ್ಲಿ 25 ಪಾಯಿಂಟ್ ತಂದಿದ್ದರು. ಡಾಲ್ಗ್ಲಿಶ್ ಉಳಿದ 18ರಲ್ಲಿ 33 ತಂದರು. 12ರಿಂದ 6ನೇ ಸ್ಥಾನಕ್ಕೆ ಏರಿದೆವು. ಮೇ 12ರಂದು ಮೂರು ವರ್ಷದ ಒಪ್ಪಂದ ಕೊಟ್ಟರು. ಆ ದಿನ ಬೇಡ ಅಂದ ಅಭಿಮಾನಿ ನನಗಂತೂ ಒಬ್ಬರೂ ಸಿಗಲಿಲ್ಲ.

ಆಂಡಿ ಕ್ಯಾರಲ್‌ಗೆ 3.5 ಕೋಟಿ ಪೌಂಡ್ ಕೊಟ್ಟಿದ್ದು ಯಾರ ತಪ್ಪು?

ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. 2011ರ ಜನವರಿ 31, ಆಟಗಾರರನ್ನು ಕೊಳ್ಳುವ ಗಡುವಿನ ಕೊನೆಯ ದಿನ. ಚೆಲ್ಸಿ ಟೊರೆಸ್‌ಗೆ 5 ಕೋಟಿ ಪೌಂಡ್ ಕೊಟ್ಟಿತು. ಆ ದುಡ್ಡು ಬರುತ್ತಿದೆ ಎಂದು ಕ್ಯಾರಲ್ ಆಡುತ್ತಿದ್ದ ನ್ಯೂಕ್ಯಾಸಲ್‌ಗೆ ಗೊತ್ತಿತ್ತು, ಬೆಲೆ ಏರಿಸಿತು. ಸಂತೆ ಮುಗಿಯುವ ಹೊತ್ತಿಗೆ, ಜೇಬು ತುಂಬಾ ದುಡ್ಡಿದೆ ಎಂದು ಎಲ್ಲರಿಗೂ ಗೊತ್ತಿರುವಾಗ ವ್ಯಾಪಾರಕ್ಕೆ ಹೋದರೆ ಹೀಗೇ ಆಗುವುದು. ಸುವಾರೆಸ್ ಬಂದದ್ದೂ ಅದೇ ದಿನ, ಸುಮಾರು 2.3 ಕೋಟಿಗೆ. ಅದು ಆ ಕಾಲದ ಅತ್ಯುತ್ತಮ ಖರೀದಿಗಳಲ್ಲಿ ಒಂದು.

ಬೇಸಿಗೆಯಲ್ಲಿ ಹೆಂಡರ್ಸನ್, ಡೌನಿಂಗ್, ಚಾರ್ಲಿ ಆಡಮ್, ಹೋಸೆ ಎನ್ರಿಕೆ ಬಂದರು. ಲೆಕ್ಕಾಚಾರ ಹೀಗಿತ್ತು: ಅಂಚಿನಿಂದ ಒಳ್ಳೆಯ ಕ್ರಾಸ್ (ಗೋಲಿನ ಮುಂದಕ್ಕೆ ಎತ್ತಿ ಕೊಡುವ ಚೆಂಡು) ಹಾಕುವವರು ಇದ್ದರೆ ಎತ್ತರದ ಕ್ಯಾರಲ್ ತಲೆಯಿಂದ ಗೋಲು ಹೊಡೆಯುತ್ತಾರೆ. ಕಾಗದದ ಮೇಲೆ ಸರಿ. ಮೈದಾನದಲ್ಲಿ ಡೌನಿಂಗ್ 36 ಲೀಗ್ ಪಂದ್ಯ ಆಡಿ ಒಂದು ಗೋಲೂ ಹೊಡೆಯಲಿಲ್ಲ, ಒಂದು ಗೋಲನ್ನೂ ಹೊಡೆಸಲಿಲ್ಲ. ಕ್ಯಾರಲ್ ಮತ್ತು ಸುವಾರೆಸ್ ಆಟ ಒಂದಕ್ಕೊಂದು ಹೊಂದಲಿಲ್ಲ. ಒಬ್ಬರಿಗೆ ಚೆಂಡು ಗಾಳಿಯಲ್ಲಿ ಬೇಕು, ಇನ್ನೊಬ್ಬರಿಗೆ ಕಾಲಿಗೆ ಬೇಕು.

ಖರೀದಿಯ ಹೊಣೆ ಫುಟ್‌ಬಾಲ್ ಡೈರೆಕ್ಟರ್ ಡೇಮಿಯನ್ ಕೊಮೊಲಿಯದ್ದೂ ಆಗಿತ್ತು. 2012ರ ಏಪ್ರಿಲ್‌ನಲ್ಲಿ ಅವರನ್ನು ತೆಗೆದರು. ಆದರೆ ಡಾಲ್ಗ್ಲಿಶ್ ಆ ಆಟಗಾರರನ್ನು ಯಾವತ್ತೂ ಬೇರೆಯವರ ಆಯ್ಕೆ ಎಂದು ದೂರ ತಳ್ಳಲಿಲ್ಲ. ಹಾಗಾಗಿ ಪಾಲು ಇಬ್ಬರಿಗೂ ಸೇರುತ್ತದೆ.

ಒಂದೇ ವರ್ಷ ಎರಡು ಕಪ್ ಫೈನಲ್ ಆಡಿದ ತಂಡ ಲೀಗ್‌ನಲ್ಲಿ 8ನೇ ಸ್ಥಾನಕ್ಕೆ ಹೇಗೆ ಬಿತ್ತು?

2011–12ನ್ನು ಎರಡು ತುಂಡು ಮಾಡಿ ನೋಡಿ. ಮೊದಲ 19 ಪಂದ್ಯಗಳಲ್ಲಿ 34 ಪಾಯಿಂಟ್, ಸೋಲು ಮೂರೇ. ಉಳಿದ 19ರಲ್ಲಿ 18 ಪಾಯಿಂಟ್, ಸೋಲು 11. ಮೊದಲರ್ಧದ ತಂಡ ನಾಲ್ಕನೇ ಸ್ಥಾನದ ಹತ್ತಿರ ಇತ್ತು. ಎರಡನೇ ಅರ್ಧ ಕುಸಿತ.

ದೊಡ್ಡ ಕಾರಣ ಲೂಕಸ್ ಲೇವಾ. ನವೆಂಬರ್ 29ರಂದು ಚೆಲ್ಸಿ ಮೈದಾನದಲ್ಲಿ ಲೀಗ್ ಕಪ್ ಕ್ವಾರ್ಟರ್ ಫೈನಲ್ 2-0 ಗೆದ್ದೆವು. ಆ ಸಂತೋಷದ ರಾತ್ರಿಯೇ ಲೂಕಸ್ ಮೊಣಕಾಲಿನ ಲಿಗಮೆಂಟ್ ಹರಿಯಿತು, ಸೀಸನ್ ಮುಗಿಯಿತು. ರಕ್ಷಣೆಯ ಮುಂದೆ ನಿಂತು ಎದುರಾಳಿಯನ್ನು ತಡೆಯುವ ಅವರ ಕೆಲಸ ಮಾಡಬಲ್ಲವರು ತಂಡದಲ್ಲಿ ಇನ್ನೊಬ್ಬರಿರಲಿಲ್ಲ. ಜನವರಿಯಲ್ಲಿ ಯಾರನ್ನೂ ಕೊಳ್ಳಲೂ ಇಲ್ಲ. ಇದು ನನ್ನ ಪ್ರಕಾರ ಆ ವರ್ಷದ ಎಲ್ಲಕ್ಕಿಂತ ದೊಡ್ಡ ತಪ್ಪು, ಕ್ಯಾರಲ್ ಬೆಲೆಗಿಂತಲೂ ದೊಡ್ಡದು.

ಕಪ್ ಪಂದ್ಯ ಬಂದರೆ ಮಾತ್ರ ಬೇರೆಯೇ ತಂಡ ಕಾಣುತ್ತಿತ್ತು. ಲೀಗ್ ಕಪ್ ಸೆಮಿಯಲ್ಲಿ, ಆ ವರ್ಷ ಲೀಗ್ ಗೆಲ್ಲಲಿದ್ದ ಮ್ಯಾಂಚೆಸ್ಟರ್ ಸಿಟಿಯನ್ನು ಎರಡು ಪಂದ್ಯ ಸೇರಿ ಮಣಿಸಿದರು. ಎಫ್‌ಎ ಕಪ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಮೇಲೆ 2-1, ಸೆಮಿಯಲ್ಲಿ ಎವರ್ಟನ್ ಮೇಲೆ 2-1. ಅದೇ ಹುಡುಗರು ಮಾರ್ಚ್‌ನಲ್ಲಿ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಎದುರು 2-0 ಮುಂದಿದ್ದು, ಕೊನೆಯ ಹದಿನೈದು ನಿಮಿಷದಲ್ಲಿ 3-2ರಿಂದ ಸೋತರು. ವಿಗನ್ ಮನೆಗೆ ಬಂದು ಗೆದ್ದುಹೋಯಿತು. ಹಾಡ್ಜ್‌ಸನ್ ವೆಸ್ಟ್ ಬ್ರಾಮ್ ತಂಡದ ಜೊತೆ ಆನ್‌ಫೀಲ್ಡ್‌ಗೆ ಬಂದು 1-0 ಗೆದ್ದರು. ಆ ಸಂಜೆ ತುಂಬಾ ನೋವಾಗಿತ್ತು.

ಕಂಬಕ್ಕೆ ಚೆಂಡು ಬಡಿದದ್ದೇ ಜಾಸ್ತಿ, ಬರೀ ದುರದೃಷ್ಟ ಅಂತಾರೆ. ಒಪ್ಪುತ್ತೀರಾ?

ಅರ್ಧ ಒಪ್ಪುತ್ತೇನೆ. ಆ ಲೀಗ್ ಸೀಸನ್‌ನಲ್ಲಿ ಗೋಲುಕಂಬಕ್ಕೆ 30ಕ್ಕೂ ಹೆಚ್ಚು ಸಲ ಚೆಂಡು ಬಡಿಯಿತು. ಎದುರಾಳಿ ಗೋಲ್‌ಕೀಪರ್‌ಗಳು ಆನ್‌ಫೀಲ್ಡ್‌ಗೆ ಬಂದರೆ ಜೀವಮಾನದ ಆಟ ಆಡುತ್ತಿದ್ದರು. ಆದರೆ 38 ಪಂದ್ಯಗಳಲ್ಲಿ ಬರೀ 47 ಗೋಲು, ಮನೆಯಲ್ಲಿ 19 ಪಂದ್ಯ ಆಡಿ 6 ಗೆಲುವು, 9 ಡ್ರಾ. ಇಡೀ ವರ್ಷ ಹೀಗೇ ಆದರೆ ಅದೃಷ್ಟವನ್ನು ಮಾತ್ರ ದೂರಲಾಗದು. ದೂರದಿಂದ, ಕಷ್ಟದ ಕೋನದಿಂದ ಹೊಡೆಯುತ್ತಿದ್ದರು. ಹತ್ತಿರ ನುಗ್ಗಿ ಮುಗಿಸುವ ದಾರಿಯನ್ನು ತಂಡಕ್ಕೆ ಯಾರೂ ಕಲಿಸಿದಂತೆ ಕಾಣಲಿಲ್ಲ. ಅದು ಕೋಚ್ ಕೆಲಸ.

ಸುವಾರೆಸ್–ಎವ್ರಾ ವಿಷಯದಲ್ಲಿ ಡಾಲ್ಗ್ಲಿಶ್ ನಡೆದುಕೊಂಡಿದ್ದು ಸರಿಯಾ?

ಸರಿಯಲ್ಲ. ಅವರನ್ನು ಪ್ರೀತಿಸುವವನಾಗಿಯೇ ಇದನ್ನು ಹೇಳುತ್ತೇನೆ.

2011ರ ಅಕ್ಟೋಬರ್ 15ರಂದು ಆನ್‌ಫೀಲ್ಡ್‌ನಲ್ಲಿ ಸುವಾರೆಸ್ ತನ್ನ ಮೈಬಣ್ಣ ಎತ್ತಿ ನಿಂದಿಸಿದರು ಎಂದು ಮ್ಯಾಂಚೆಸ್ಟರ್ ಯುನೈಟೆಡ್‌ನ ಪ್ಯಾಟ್ರಿಸ್ ಎವ್ರಾ ದೂರು ಕೊಟ್ಟರು. ವಿಚಾರಣೆ ನಡೆಯಿತು. ಡಿಸೆಂಬರ್‌ನಲ್ಲಿ ಸುವಾರೆಸ್‌ಗೆ 8 ಪಂದ್ಯಗಳ ನಿಷೇಧ, 40,000 ಪೌಂಡ್ ದಂಡ. ಮರುದಿನ ವಿಗನ್ ಪಂದ್ಯಕ್ಕೆ ಮುಂಚೆ ಲಿವರ್‌ಪೂಲ್ ಆಟಗಾರರು ಸುವಾರೆಸ್ ಚಿತ್ರದ ಟೀ ಶರ್ಟ್ ಹಾಕಿಕೊಂಡು ಮೈದಾನಕ್ಕೆ ಬಂದರು. ಫೆಬ್ರವರಿ 11ರಂದು ಓಲ್ಡ್ ಟ್ರ್ಯಾಫರ್ಡ್‌ನಲ್ಲಿ ಸುವಾರೆಸ್ ಎವ್ರಾ ಕೈಕುಲುಕದೆ ಮುಂದೆ ಹೋದರು. ಅದನ್ನು ಕೇಳಿದ ಟೀವಿ ವರದಿಗಾರನ ಮೇಲೆ ಡಾಲ್ಗ್ಲಿಶ್ ರೇಗಿದರು. ಮರುದಿನ ಅವರೂ ಸುವಾರೆಸ್ ಕೂಡ ಕ್ಷಮೆ ಕೇಳಿದರು.

ನಮ್ಮ ಹುಡುಗನನ್ನು ಬಿಟ್ಟುಕೊಡಬಾರದು ಎಂಬುದು ಹಳೆಯ ಕಾಲದ ನಿಯಮ. 1989ರಲ್ಲಿ ಊರಿಗೆ ಊರೇ ಒಂದು ಕಡೆ, ಸುಳ್ಳು ಹೇಳುವವರು ಇನ್ನೊಂದು ಕಡೆ ಇದ್ದಾಗ ಅದೇ ನಿಯಮ ಜನರನ್ನು ಕಾಪಾಡಿತ್ತು. ಇಲ್ಲಿ ನೋವು ಉಂಡವನು ಎದುರಿನ ತಂಡದಲ್ಲಿದ್ದ. ಅವನ ಮಾತು ಯಾರೂ ಕೇಳಿಸಿಕೊಳ್ಳಲಿಲ್ಲ. ಅಂದು ಆ ಟೀ ಶರ್ಟ್ ಹಾಕಿದ್ದ ಜೇಮಿ ಕ್ಯಾರಗರ್ 2019ರಲ್ಲಿ ಟೀವಿಯಲ್ಲಿ ಎವ್ರಾ ಎದುರೇ ಕೂತು ಕ್ಷಮೆ ಕೇಳಿದರು. ಎಂಟು ವರ್ಷ ತಡವಾಯಿತು. ಅಂಥ ಹೊತ್ತಿನಲ್ಲಿ ಆಟಗಾರರನ್ನು ತಡೆಯಬಲ್ಲ ಅಧಿಕಾರ, ಗೌರವ ಎರಡೂ ಇದ್ದದ್ದು ಡಾಲ್ಗ್ಲಿಶ್ ಒಬ್ಬರಿಗೇ. ಅವರು ತಡೆಯಲಿಲ್ಲ.

ಕಪ್ ಗೆದ್ದುಕೊಟ್ಟರೂ ತೆಗೆದುಹಾಕಿದರಲ್ಲ, ಅನ್ಯಾಯ ಅಲ್ವಾ?

ಆಗ ನನಗೂ ಅನ್ಯಾಯ ಅನ್ನಿಸಿತ್ತು. 2012ರ ಫೆಬ್ರವರಿ 26ರಂದು ವೆಂಬ್ಲಿಯಲ್ಲಿ ಕಾರ್ಡಿಫ್ ಎದುರು 2-2 ಆಗಿ, ಪೆನಾಲ್ಟಿಯಲ್ಲಿ 3-2ರಿಂದ ಲೀಗ್ ಕಪ್ ಬಂತು. ಕೊನೆಯ ಪೆನಾಲ್ಟಿ ತಪ್ಪಿಸಿದ್ದು ಕಾರ್ಡಿಫ್‌ನ ಆಂಥನಿ ಜೆರಾರ್ಡ್, ನಮ್ಮ ನಾಯಕ ಸ್ಟೀವನ್ ಜೆರಾರ್ಡ್ ದಾಯಾದಿ. ಕಪ್ ಎತ್ತುವ ಮುಂಚೆ ಅಣ್ಣ ತಮ್ಮನ ಕಡೆ ನೋಡಬೇಕಾದ ಗಳಿಗೆ ಅದು. 2006ರ ನಂತರ ಲಿವರ್‌ಪೂಲ್‌ಗೆ ಬಂದ ಮೊದಲ ಟ್ರೋಫಿ. 1996ರ ನಂತರ ವೆಂಬ್ಲಿಗೆ ಮೊದಲ ಪ್ರವೇಶ.

ಮೇ 5ರಂದು ಎಫ್‌ಎ ಕಪ್ ಫೈನಲ್‌ನಲ್ಲಿ ಚೆಲ್ಸಿಗೆ 2-1ರಿಂದ ಸೋತೆವು. ಕ್ಯಾರಲ್ ತಲೆಯಿಂದ ಹೊಡೆದ ಚೆಂಡನ್ನು ಚೆಲ್ಸಿ ಗೋಲ್‌ಕೀಪರ್ ಚೆಕ್ ಗೆರೆಯ ಮೇಲೆ ಹೊರತಳ್ಳಿದರು. ಗೆರೆ ದಾಟಿತ್ತಾ ಎಂದು ಹೇಳುವ ಯಂತ್ರ ಆಗ ಇರಲಿಲ್ಲ. ಮೇ 16ರಂದು, ಬಾಸ್ಟನ್‌ಗೆ ಹೋಗಿ ಮಾಲೀಕರ ಜೊತೆ ಮಾತಾಡಿ ಬಂದ ಮೇಲೆ, ಡಾಲ್ಗ್ಲಿಶ್ ಕೆಲಸ ಹೋಯಿತು.

ಮಾಲೀಕರ ಕಡೆಯಿಂದ ನೋಡಿದರೆ: ಸುಮಾರು 10 ಕೋಟಿ ಪೌಂಡ್ ಖರ್ಚಾಗಿತ್ತು. ಕೈಗೆ ಬಂದದ್ದು 52 ಪಾಯಿಂಟ್. ಚಾಂಪಿಯನ್ಸ್ ಲೀಗ್‌ಗೆ ಒಯ್ಯುವ ನಾಲ್ಕನೇ ಸ್ಥಾನ 17 ಪಾಯಿಂಟ್ ದೂರ. ಎವರ್ಟನ್ ನಮಗಿಂತ ಮೇಲೆ. ತೆಗೆದದ್ದು ತಪ್ಪು ಎಂದು ಈಗ ನಾನು ಹೇಳಲಾರೆ.

## ತೂಗಿ ನೋಡುವವರಿಗೆ

ಸುತ್ತಿ ಬಳಸಿ ಬೇಡ. ವಾಪಸ್ ಬಂದದ್ದು ಗೆಲುವಾ, ಸೋಲಾ?

ಎರಡು ಕೆಲಸ ಕೊಟ್ಟಿದ್ದರು. ಒಂದರಲ್ಲಿ ಗೆದ್ದರು, ಒಂದರಲ್ಲಿ ಸೋತರು.

ಮೊದಲ ಕೆಲಸ, ಒಡೆದ ಮನೆ ಒಟ್ಟು ಮಾಡುವುದು. 2011ರ ಜನವರಿಯಲ್ಲಿ ಕ್ಲಬ್ ಇದ್ದ ಸ್ಥಿತಿ ನೋಡಿದವರಿಗೆ ಅದು ಸಣ್ಣ ಕೆಲಸ ಎಂದು ಅನ್ನಿಸದು. ಅದನ್ನು ಐದೇ ತಿಂಗಳಲ್ಲಿ ಮಾಡಿದರು. ಅವರನ್ನು ಬಿಟ್ಟು ಬೇರೆ ಯಾರಿಗೂ ಆಗುತ್ತಿರಲಿಲ್ಲ. ಎರಡನೆಯ ಕೆಲಸ, ಹೊಸ ಕಾಲಕ್ಕೆ ಹೊಸ ತಂಡ ಕಟ್ಟುವುದು. ಅದು ಅವರ ಕೈಯಲ್ಲಿ ಆಗಲಿಲ್ಲ. ಮೇ 2011ರಲ್ಲಿ ಕ್ಲಬ್ ಮಾಡಿದ ತಪ್ಪು ಏನೆಂದರೆ, ಮೊದಲ ಕೆಲಸ ಚೆನ್ನಾಗಿ ಮಾಡಿದರು ಎಂದು ಎರಡನೆಯದನ್ನೂ ಯೋಚನೆ ಮಾಡದೆ ಕೊಟ್ಟಿದ್ದು. ನಾವು ಅಭಿಮಾನಿಗಳೂ ಅದೇ ತಪ್ಪು ಮಾಡಿದೆವು, ಅದನ್ನೇ ಕೂಗಿ ಕೇಳಿದವರು ನಾವು.

1991ರ ಫುಟ್‌ಬಾಲ್ ಬೇರೆ, 2011ರದ್ದು ಬೇರೆ. ಕಾಲ ಅವರನ್ನು ದಾಟಿ ಹೋಗಿತ್ತಾ?

ಸ್ವಲ್ಪ ಮಟ್ಟಿಗೆ. ಅವರು ಮೊದಲ ಸಲ ಬಿಟ್ಟಾಗ ಪ್ರೀಮಿಯರ್ ಲೀಗ್ ಎಂಬುದೇ ಹುಟ್ಟಿರಲಿಲ್ಲ. ಗೋಲ್‌ಕೀಪರ್ ತನ್ನವರು ಹಿಂದಕ್ಕೆ ಕೊಟ್ಟ ಚೆಂಡನ್ನು ಕೈಯಲ್ಲಿ ಹಿಡಿಯಬಹುದಿತ್ತು. ಹೇಸಲ್ ನಂತರ ಇಂಗ್ಲೆಂಡಿನ ಕ್ಲಬ್‌ಗಳ ಮೇಲೆ ಯುರೋಪಿನಲ್ಲಿ ಬಿದ್ದ ನಿಷೇಧದಿಂದಾಗಿ ಮೊದಲ ಅವಧಿಯಲ್ಲಿ ಅವರು ಲಿವರ್‌ಪೂಲ್ ತಂಡವನ್ನು ಯುರೋಪಿನ ಒಂದು ಕಪ್‌ಗೂ ಒಯ್ಯಲು ಆಗಿರಲಿಲ್ಲ. ಅದು ಸಿಕ್ಕಿದ್ದು ಎರಡನೇ ಅವಧಿಯಲ್ಲಿ. ಆ ಯುರೋಪಾ ಲೀಗ್‌ನಲ್ಲಿ ಪೋರ್ಚುಗಲ್‌ನ ಬ್ರಾಗಾಗೆ ಸೋತರು.

ಆದರೆ 'ಮುದುಕರಾಗಿದ್ದರು, ಏನೂ ಗೊತ್ತಿರಲಿಲ್ಲ' ಎಂಬ ಮಾತನ್ನು ಒಪ್ಪಲಾರೆ. ದೊಡ್ಡ ತಂಡಗಳ ಎದುರು ಅವರ ಯೋಜನೆ ಚೊಕ್ಕವಾಗಿರುತ್ತಿತ್ತು. ಚೆಲ್ಸಿ ಮೈದಾನದಲ್ಲಿ ಒಂಬತ್ತು ದಿನದಲ್ಲಿ ಎರಡು ಸಲ ಗೆದ್ದದ್ದು ಸುಮ್ನೆ ಆಗಲಿಲ್ಲ. ಜೊತೆಗೆ ಸ್ಟೀವ್ ಕ್ಲಾರ್ಕ್ ಎಂಬ ಒಳ್ಳೆಯ ಸಹಾಯಕ ಇದ್ದರು. ಕಷ್ಟವಾದದ್ದು ಸಣ್ಣ ತಂಡಗಳು ಗೋಲಿನ ಮುಂದೆ ಗೋಡೆ ಕಟ್ಟಿ ನಿಂತಾಗ ಅದನ್ನು ಒಡೆಯುವುದು. ಆ ಗೋಡೆಯನ್ನು ಕ್ರಾಸ್‌ನಿಂದ ದಾಟಬಹುದು ಎಂದು ನಂಬಿದ್ದರು. ಆ ನಂಬಿಕೆ ಹಳೆಯದಾಗಿತ್ತು.

ಬೇರೆ ದೊಡ್ಡ ಕೋಚ್‌ಗಳು ವಾಪಸ್ ಬಂದಾಗ ಏನಾಗಿದೆ? ಎಲ್ಲರೂ ಸೋತಿದ್ದಾರಾ?

ಇಲ್ಲ. ಜಿದಾನ್ 2018ರಲ್ಲಿ ರಿಯಲ್ ಮ್ಯಾಡ್ರಿಡ್ ಬಿಟ್ಟು ಹತ್ತೇ ತಿಂಗಳಲ್ಲಿ ವಾಪಸ್ ಬಂದರು, 2020ರಲ್ಲಿ ಲೀಗ್ ಗೆದ್ದರು. ಅನ್ಚೆಲೊಟ್ಟಿ ಅದೇ ತಂಡಕ್ಕೆ ಆರು ವರ್ಷದ ಮೇಲೆ 2021ರಲ್ಲಿ ಬಂದು 2022 ಮತ್ತು 2024ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದರು. ಲಿಪ್ಪಿ ಯುವೆಂಟಸ್‌ಗೆ ಮರಳಿ 2002, 2003ರಲ್ಲಿ ಲೀಗ್ ತಂದರು. ಹೈಂಕಸ್ ಬಯರ್ನ್‌ಗೆ ವಾಪಸ್ ಬಂದು 2013ರಲ್ಲಿ ಮೂರೂ ಕಪ್ ಗೆದ್ದರು.

ಇನ್ನೊಂದು ಕಡೆ, ಸಾಕಿ 1996ರ ಡಿಸೆಂಬರ್‌ನಲ್ಲಿ ಮಿಲಾನ್‌ಗೆ ಮರಳಿದರು. ಯುವೆಂಟಸ್ ಮನೆಗೇ ಬಂದು 6-1ರಿಂದ ಹೊಡೆಯಿತು, ತಂಡ 11ನೇ ಸ್ಥಾನದಲ್ಲಿ ಮುಗಿಸಿತು. ಮುಂದಿನ ವರ್ಷ ಕಪೆಲ್ಲೊ ಅಲ್ಲಿಗೇ ಮರಳಿ 10ನೇ ಸ್ಥಾನ ಪಡೆದರು. ಕೀಗನ್ 2008ರಲ್ಲಿ ನ್ಯೂಕ್ಯಾಸಲ್‌ಗೆ ಮರಳಿ ವರ್ಷ ತುಂಬುವ ಮುಂಚೆ ಹೊರಟರು. ಎವರ್ಟನ್‌ಗೆ ಎರಡು ಲೀಗ್ ಗೆದ್ದುಕೊಟ್ಟ ಕೆಂಡಲ್ ಇನ್ನೆರಡು ಸಲ ಬಂದರು, ಹಳೆಯ ಕಳೆ ಬರಲಿಲ್ಲ. ಮೊರಿನ್ಯೊ ಎರಡೂ ಕಂಡರು. ಚೆಲ್ಸಿಗೆ ಮರಳಿ 2015ರಲ್ಲಿ ಲೀಗ್ ಗೆದ್ದರು, ಅದೇ ಡಿಸೆಂಬರ್‌ನಲ್ಲಿ ತಂಡ 16ನೇ ಸ್ಥಾನಕ್ಕೆ ಬಿದ್ದು ಕೆಲಸ ಕಳೆದುಕೊಂಡರು.

ಇವರನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು. ಗೆದ್ದವರು ನಡುವಿನ ಅವಧಿಯಲ್ಲಿ ದೊಡ್ಡ ಮಟ್ಟದ ಆಟದಿಂದ ದೂರ ಹೋಗಿರಲಿಲ್ಲ. ಬಂದಾಗ ಸಿಕ್ಕ ತಂಡದಲ್ಲಿ ಸತ್ವ ಇತ್ತು. ಜಿದಾನ್‌ಗೆ ಮೋಡ್ರಿಚ್, ಕ್ರೂಸ್, ಬೆಂಜೆಮಾ ಅಲ್ಲೇ ಕಾಯುತ್ತಿದ್ದರು. ಡಾಲ್ಗ್ಲಿಶ್ ಹತ್ತು ವರ್ಷ ದೂರ ಇದ್ದರು, ಬಂದಾಗ ಸಿಕ್ಕಿದ್ದು 12ನೇ ಸ್ಥಾನದ ತಂಡ, ಬಂದ ತಿಂಗಳೇ ಟೊರೆಸ್ ಹೊರಟರು. ಅವರನ್ನು ಅನ್ಚೆಲೊಟ್ಟಿ ಜೊತೆ ಹೋಲಿಸುವುದು ನ್ಯಾಯವಲ್ಲ.

ಅವರು ಬಿಟ್ಟುಹೋದ ತಂಡದಿಂದ ಮುಂದೆ ಬಂದವರಿಗೆ ಏನಾದರೂ ಸಿಕ್ಕಿತಾ?

ಎಲ್ಲರೂ ಮರೆಯುವ ವಿಷಯ ಇದು. ಡಾಲ್ಗ್ಲಿಶ್‌ರ ಕೊನೆಯ ಪಂದ್ಯ ಸ್ವಾನ್ಸೀಯಲ್ಲಿ, 1-0 ಸೋಲು. ಆ ಸ್ವಾನ್ಸೀ ಕೋಚ್ ಬ್ರೆಂಡನ್ ರಾಜರ್ಸ್. ಅವರೇ ಜೂನ್‌ನಲ್ಲಿ ಲಿವರ್‌ಪೂಲ್‌ಗೆ ಬಂದರು. ಎರಡು ವರ್ಷದಲ್ಲಿ, 2013–14ರಲ್ಲಿ, 84 ಪಾಯಿಂಟ್ ಗಳಿಸಿ ಲೀಗ್‌ನಲ್ಲಿ ಎರಡನೆಯವರಾದರು. ಆ ತಂಡದಲ್ಲಿ 31 ಗೋಲು ಹೊಡೆದ ಸುವಾರೆಸ್, ಮಿಡ್‌ಫೀಲ್ಡ್‌ನಲ್ಲಿ ಓಡಿದ ಹೆಂಡರ್ಸನ್, ರೆಕ್ಕೆಯಲ್ಲಿ ಹಾರಿದ ಸ್ಟರ್ಲಿಂಗ್, ಅಂಚಿನಲ್ಲಿ ಗಟ್ಟಿ ನಿಂತ ಫ್ಲಾನಗನ್. ಮೊದಲ ಇಬ್ಬರನ್ನು ತಂದವರೂ, ಕೊನೆಯ ಇಬ್ಬರಿಗೆ ಮೊದಲ ಅವಕಾಶ ಕೊಟ್ಟವರೂ ಡಾಲ್ಗ್ಲಿಶ್. ಫ್ಲಾನಗನ್‌ಗೆ 18 ವರ್ಷ, ಸ್ಟರ್ಲಿಂಗ್‌ಗೆ 17. ಅಕಾಡೆಮಿಯಲ್ಲಿ ಹುಡುಗರನ್ನು ಹತ್ತಿರದಿಂದ ಕಂಡಿದ್ದರಿಂದಲೇ ಆ ಧೈರ್ಯ.

ವಾಪಸ್ ಬರದೇ ಇದ್ದಿದ್ದರೆ ಅವರ ಹೆಸರಿಗೆ ಒಂದು ಕಪ್ಪುಚುಕ್ಕೆಯೂ ಇರ್ತಿರಲಿಲ್ಲ ಅಲ್ವಾ?

ಇರುತ್ತಿರಲಿಲ್ಲ. ಆದರೆ ಸೋಲಬಹುದು ಎಂದು ಅವರಿಗೂ ಗೊತ್ತಿತ್ತು. ಆಗ ಅವರಿಗೆ 59 ವರ್ಷ. ಗೆದ್ದು ತೋರಿಸಬೇಕಾದದ್ದು ಏನೂ ಉಳಿದಿರಲಿಲ್ಲ. ಕ್ಲಬ್ ಕಷ್ಟದಲ್ಲಿದೆ ಎಂದು ಬಂದರು. ತೆಗೆದಾಗಲೂ ಕಹಿ ಮಾತಾಡದೆ ಹೊರಟರು. 2013ರ ಅಕ್ಟೋಬರ್‌ನಲ್ಲಿ ಅದೇ ಮಾಲೀಕರು ಕರೆದಾಗ ನಿರ್ದೇಶಕರಾಗಿ ಮರಳಿದರು. 2017ರಲ್ಲಿ ಆನ್‌ಫೀಲ್ಡ್‌ನ ಒಂದು ಸ್ಟ್ಯಾಂಡ್‌ಗೆ ಅವರ ಹೆಸರಿಟ್ಟರು.

2020ರ ಜುಲೈ 22ರ ರಾತ್ರಿ ನೆನಪಿದೆಯಾ? ಕೋವಿಡ್ ಕಾಲ, ಮೈದಾನ ಖಾಲಿ. ಚೆಲ್ಸಿ ಮೇಲೆ 5-3 ಗೆದ್ದ ಮೇಲೆ, 30 ವರ್ಷ ಕಾದ ಲೀಗ್ ಟ್ರೋಫಿಯನ್ನು ಆನ್‌ಫೀಲ್ಡ್‌ನ ಕಾಪ್ ಸ್ಟ್ಯಾಂಡ್‌ನಲ್ಲಿ ಕೊಟ್ಟರು. ಹಿಂದಿನ ಲೀಗ್ ತಂದುಕೊಟ್ಟಿದ್ದ ಡಾಲ್ಗ್ಲಿಶ್ ಪದಕ ಕೊಡಲು ಅಲ್ಲಿ ನಿಂತಿದ್ದರು. ಟ್ರೋಫಿ ಎತ್ತಿದ ನಾಯಕ ಹೆಂಡರ್ಸನ್. 2011ರ ಬೇಸಿಗೆಯಲ್ಲಿ, ಇಷ್ಟು ದುಡ್ಡು ಸುರಿದು ಈ ಹುಡುಗ ಯಾಕೆ ಎಂದು ನಾವೆಲ್ಲ ಕೇಳಿದ್ದೆವಲ್ಲ, ಅದೇ ಹೆಂಡರ್ಸನ್.